ಹನ್ನೆರಡಕ್ಕೆ ಹನ್ನೆರಡೂ ತೇರ್ಗಡೆ

ಖರೀದಿ ವಿಭಾಗದ ಮೇಲ್ವಿಚಾರಕರನ್ನು ಆಫೀಸಿನಲ್ಲಿ ಎಲ್ಲರೂ ಷರಾ ಸಾಹೇಬರು ಅನ್ನುತ್ತಿದ್ದರು. ಬೆನ್ನ ಹಿಂದಷ್ಟೇ ಅಲ್ಲ, ಎದುರಿಗೂ ಹಾಗೇ ಕರೆಯುತ್ತಿದ್ದರು, ಅವರೂ ಖುಷಿಯಿಂದಲೇ ಓಗೊಡುತ್ತಿದ್ದರು. ಅವರ ಮೇಜಿಗೆ ಬಂದ ಯಾವ ಫೈಲೂ ಒಂದು ಷರಾ ಬರೆಸಿಕೊಳ್ಳದೆ ಮುಂದಕ್ಕೆ ಹೋದದ್ದಿಲ್ಲ. ಫೈಲಿನಲ್ಲಿ ತಪ್ಪಿದ್ದರೆ ತಪ್ಪಿದೆ ಎಂದು ಷರಾ. ತಪ್ಪಿಲ್ಲದಿದ್ದರೆ, ಇದರಲ್ಲಿ ತಪ್ಪು ಕಾಣುತ್ತಿಲ್ಲವಲ್ಲ, ಯಾಕೆ ಎಂದು ವಿವರಿಸಿ ಎಂದು ಷರಾ. ಇಡೀ ಸರ್ವೀಸಿನಲ್ಲಿ ಒಂದೇ ಒಂದು ಆಡಿಟ್ ಆಕ್ಷೇಪಣೆ ಬಂದಿಲ್ಲ ಅನ್ನುವುದು ಅವರ ಹೆಮ್ಮೆ. ಬೇರೆಯವರಾದರೆ ಮನೆ ಕಟ್ಟಿಸಿದೆ, ಮಗಳನ್ನು ಓದಿಸಿದೆ ಎಂದು ಹೇಳಿಕೊಳ್ಳುತ್ತಾರೆ. ಇವರು ಅದನ್ನೂ ಮಾಡಿದ್ದರು, ಆದರೆ ಹೇಳಿಕೊಳ್ಳುತ್ತಿದ್ದದ್ದು ಆಕ್ಷೇಪಣೆಯ ವಿಚಾರ ಮಾತ್ರ. ಬರುವ ಬೇಸಿಗೆಗೆ ನಿವೃತ್ತಿ. ಅಲ್ಲಿಯವರೆಗೆ ಅಂಗಿಗೆ ಕಲೆ ಹತ್ತದಂತೆ ನಡೆದು ಮನೆ ಸೇರಿಬಿಟ್ಟರೆ ಸಾಕು ಅಂದುಕೊಂಡಿದ್ದರು.

ಆ ಓದಿಸಿದ ಮಗಳು ಏನಾದಳು ಅಂತೀರಾ? ಅಪ್ಪನ ಹಾಗೆ ಫ್ಯಾನಿನ ಕೆಳಗೆ ಕೂತು ಕಾಗದದ ಮೇಲೆ ಭಾರ ಇಡುವ ಕೆಲಸ ಕೈಗೆಟಕುವಂತಿದ್ದರೂ, ಅಗ್ನಿಶಾಮಕ ದಳ ಸೇರಿಕೊಂಡಳು. ಅವಳ ಠಾಣೆ ಅಪ್ಪನ ಆಫೀಸಿಗೆ ಎರಡು ಬೀದಿ ಆಚೆ. ಅಪ್ಪ ಒಮ್ಮೆಯೂ ಆ ಕಡೆ ತಲೆ ಹಾಕಿದವರಲ್ಲ. ಖರೀದಿ ವಿಭಾಗದವರು ಠಾಣೆಗೆ ಹೋಗಿ ಕಾಫಿ ಕುಡಿದರೆ ನೋಡಿದವರು ಏನಂದುಕೊಂಡಾರು?

ಒಂದು ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಮಗಳು ಕೇಳಿದಳು. "ಅಪ್ಪಾ, ನಮ್ಮ ಠಾಣೆಯ ಬೇಡಿಕೆ ಪತ್ರ ನಿಮ್ಮ ಟೇಬಲ್ಲಿಗೆ ಬಂತಾ?"

"ಆಫೀಸ್ ವಿಷಯ ಮನೇಲಿ ಬೇಡ."

"ಆಯ್ತು, ಮನೆ ವಿಷಯಾನೇ ಹೇಳ್ತೀನಿ. ನಿಮ್ಮ ಮಗಳು ಹೊಗೆ ಒಳಗೆ ಹೋಗುವಾಗ ಮುಖಕ್ಕೆ ಹಾಕ್ಕೊಳ್ಳೋ ಮಾಸ್ಕ್ ಸೋರ್ತಾ ಇದೆ."

ಸಂಗತಿ ಇಷ್ಟೇ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖಕ್ಕೆ ಮಾಸ್ಕ್ ಬಿಗಿದುಕೊಂಡು ಇವರು ಹೊಗೆಯೊಳಗೆ ನುಗ್ಗಬೇಕು. ಬಿಟ್ಟ ಉಸಿರು ಹೊರಗೆ ಹೋಗಲಿ ಅಂತ ಮಾಸ್ಕಿನ ಮುಂದೆ ಒಂದು ಕಿಂಡಿ, ಆ ಕಿಂಡಿಗೆ ಕೋಟಿನ ಗುಂಡಿಯಷ್ಟಗಲದ ಒಂದು ರಬ್ಬರ್ ಬಿಲ್ಲೆ. ಉಸಿರು ಬಿಟ್ಟಾಗ ತೆರೆದುಕೊಂಡು ತಕ್ಷಣ ಮುಚ್ಚಿಕೊಳ್ಳುವುದೇ ಅದರ ಕೆಲಸ. ಹಳೆಯದಾದರೆ ಬಿಲ್ಲೆ ಗಟ್ಟಿಯಾಗಿ ಅಂಚು ಸುರುಟಿಕೊಳ್ಳುತ್ತದೆ, ಸರಿಯಾಗಿ ಮುಚ್ಚುವುದಿಲ್ಲ. ಆಗ ಸಿಲಿಂಡರಿನ ಗಾಳಿ ಯಾರೂ ಕೇಳದೆಯೇ ಸುಮ್ಮನೆ ಸೋರಿಹೋಗುತ್ತದೆ. ಅರ್ಧ ಗಂಟೆ ಬರಬೇಕಾದದ್ದು ಕಾಲು ಗಂಟೆಗೇ ಖಾಲಿ. ಗಾಳಿ ಮುಗಿಯುತ್ತ ಬಂದಾಗ ಸೀಟಿಯೊಂದು ತಾನಾಗಿ ಕೂಗಿ, ಹೊರಗೆ ಬಾ ಎಂದು ಎಚ್ಚರಿಸುವ ವ್ಯವಸ್ಥೆ ಇದೆ. ಈಚೆಗೆ ಅವರ ಠಾಣೆಯಲ್ಲಿ ಒಳಗೆ ಹೋಗಿ ಬೆಂಕಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲೇ ಸೀಟಿ ಶುರುವಾಗುತ್ತಿತ್ತು.

ಷರಾ ಸಾಹೇಬರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿ ಅಭ್ಯಾಸ. ಪಿನ್ನಿಲ್ಲದಾಗಲೂ ಅವರ ಮಾತಿಗೆ ಅದೇ ಮೊನೆ.

"ಗುಂಡಿಯಷ್ಟು ರಬ್ಬರಿಗೆ ಇಷ್ಟು ರಾಮಾಯಣವಾ? ಅಂಗಿ ಗುಂಡಿ ಕಿತ್ತುಹೋಯ್ತು ಅಂತ ಬಂದ ಗಿರಾಕಿನ ನಾನು ಆರು ತಿಂಗಳು ಬರಿಮೈಲಿ ಕೂರಿಸ್ತೀನಾ?"

"ನಿನ್ನ ಅಂಗಡಿಗೆ ಆಡಿಟ್ ಇಲ್ಲ," ಅಂದರು ಷರಾ ಸಾಹೇಬರು.

"ಇದೆ. ದಿನಾ ಗಿರಾಕಿ ಬಂದು ಮಾಡ್ತಾರೆ."

ಸಾಹೇಬರು ಕೈ ತೊಳೆದು ಆಫೀಸಿಗೆ ಹೊರಟರು.

ಬೇಡಿಕೆ ಪತ್ರ ನಿಜಕ್ಕೂ ಅವರ ಮೇಜಿನ ಮೇಲೆ ಬಂದು ಕೂತಿತ್ತು. ಹನ್ನೆರಡು ಮಾಸ್ಕಿಗೆ ಹನ್ನೆರಡು ಬಿಲ್ಲೆ ಬೇಕು, ತುರ್ತು ಎಂದು ಕೆಂಪು ಶಾಯಿಯಲ್ಲಿ ಅಡಿಗೆರೆ. ಷರಾ ಸಾಹೇಬರು ಓದಿ, ಕನ್ನಡಕ ಒರೆಸಿಕೊಂಡು, ಪೆನ್ನು ಬಿಚ್ಚಿದರು. 'ಸದರಿ ಠಾಣೆಯಲ್ಲಿ ನನ್ನ ಮಗಳು ಸೇವೆಯಲ್ಲಿರುವುದರಿಂದ ಈ ಖರೀದಿಯಲ್ಲಿ ನನಗೆ ಸ್ವಂತ ಹಿತಾಸಕ್ತಿ ಇದೆಯೆಂದು ಭಾವಿಸಲು ಅವಕಾಶವಿರುತ್ತದೆ. ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.'

ನೋಡಿ, ಎಂಥಾ ಪ್ರಾಮಾಣಿಕತೆ! ಮಗಳು ಉಸಿರಾಡುತ್ತಿರಲಿ ಅನ್ನುವುದರಲ್ಲಿ ಅಪ್ಪನಿಗೆ ಹಿತಾಸಕ್ತಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಫೈಲು ಮೇಲಕ್ಕೆ ಹೋಯಿತು. ಸಿಬ್ಬಂದಿ ವಿಭಾಗದವರು ಇದು ಕಾನೂನಿನ ಪ್ರಶ್ನೆ ಅಂದರು. ಕಾನೂನಿನವರು ಇದು ಸಂಬಂಧದ ಪ್ರಶ್ನೆ, ಮಗಳು ಸ್ವಂತ ಮಗಳೋ ಸಾಕುಮಗಳೋ ತಿಳಿಸಿ ಅಂದರು. ಸ್ವಂತ ಮಗಳು ಎಂದು ಷರಾ ಸಾಹೇಬರು ದೃಢೀಕರಿಸಿದರು. ಕೊನೆಗೆ ಫೈಲು ಮೈಯೆಲ್ಲ ಮೊಹರು ಹೊಡೆಸಿಕೊಂಡು ವಾಪಸ್ ಬಂತು. 'ಆಕ್ಷೇಪಣೆ ಇಲ್ಲ. ಆದರೆ ಹೆಚ್ಚುವರಿ ಎಚ್ಚರಿಕೆ ವಹಿಸತಕ್ಕದ್ದು.'

ಹೆಚ್ಚುವರಿ ಎಚ್ಚರಿಕೆ! ಷರಾ ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವರು ಹುಟ್ಟಿದ್ದೇ ಅದಕ್ಕೆ. ಮಗಳ ವಸ್ತು ಅಂತ ಯಾರೂ ಬೆರಳು ತೋರಿಸಬಾರದು, ಹಾಗೆ ಪರೀಕ್ಷೆ ಮಾಡಿಸಿಬಿಡುತ್ತೇನೆ ಎಂದು ತೋಳೇರಿಸಿದರು. ಹಿಂದೊಮ್ಮೆ ನೀರಿನ ಪೈಪುಗಳಿಗೆ ಚೀಲಗಟ್ಟಲೆ ವಾಷರ್ ಖರೀದಿಸಿದಾಗ ಅವರೇ ಕೂತು ಬರೆದ ಒಂದು ಷರತ್ತು ಇತ್ತು. ಸರಬರಾಜಾದ ಮಾಲಿನಿಂದ ಹನ್ನೆರಡು ಮಾದರಿ ತೆಗೆದು, ಪ್ರಯೋಗಾಲಯದಲ್ಲಿ ಎಳೆದು, ಕಾಯಿಸಿ, ಸೀಳಿ ಪರೀಕ್ಷಿಸತಕ್ಕದ್ದು ಎಂದು. ಮೇಲಧಿಕಾರಿಗಳು ಆಗ ಬೆನ್ನು ತಟ್ಟಿದ್ದ ಷರತ್ತು ಅದು. ಷರಾ ಸಾಹೇಬರು ಅದನ್ನೇ ಮುತ್ತಿನಂಥ ಅಕ್ಷರದಲ್ಲಿ ಇಲ್ಲಿಗೂ ಇಳಿಸಿದರು.

ಆ ಫೈಲು ಎಷ್ಟು ಮೇಜು ಸುತ್ತಿತೋ ದೇವರೇ ಬಲ್ಲ. ಒಬ್ಬರು ಅಲ್ಪವಿರಾಮ ತಿದ್ದಿದರು. ಇನ್ನೊಬ್ಬರು 'ಸೀಳಿ' ಅನ್ನುವುದರ ಬದಲು 'ಛೇದಿಸಿ' ಅಂದರೆ ಗಂಭೀರವಾಗಿರುತ್ತದೆ ಅಂದರು. ಕೊಳ್ಳುವುದು ಹನ್ನೆರಡು, ಛೇದಿಸುವುದು ಹನ್ನೆರಡು ಎಂದು ಒಬ್ಬ ಮಹಾನುಭಾವರೂ ಕೂಡಿ ಕಳೆದು ನೋಡಲಿಲ್ಲ. ಕೊಳ್ಳುವ ಸಂಖ್ಯೆ ಮೊದಲ ಪುಟದಲ್ಲಿತ್ತು, ಷರತ್ತು ಕೊನೆಯ ಪುಟದಲ್ಲಿತ್ತು. ನಡುವಿನ ದಾರಿ ನಡೆಯುವಷ್ಟು ಪುರುಸೊತ್ತು ಯಾರಿಗಿದೆ ಹೇಳಿ?

ಇಲ್ಲ, ಒಬ್ಬ ನೋಡಿದ. ಬಿಲ್ಲೆ ಮಾರುವ ಕಂಪನಿಯ ಏಜೆಂಟು. ಆರ್ಡರ್ ಕೈಗೆ ಬಂದ ಮೇಲೆ ಅವನು ಬ್ಯಾಗು ಹಿಡಿದುಕೊಂಡು ಓಡಿಬಂದ.

"ಸಾರ್, ಹನ್ನೆರಡೇ ಪೀಸ್ ಆರ್ಡರ್ ಇದೆ. ಟೆಸ್ಟಿಗೂ ಬೇಕಲ್ಲ. ಒಂದು ಡಜನ್ ಜಾಸ್ತಿ ಹಾಕಿ ಕಳಿಸ್ತೀನಿ. ಕಾಸು ಬೇಡ ಸಾರ್, ಫ್ರೀ."

ಷರಾ ಸಾಹೇಬರು ನಿಧಾನಕ್ಕೆ ಕುರ್ಚಿಯಿಂದ ಎದ್ದರು. "ಫ್ರೀ?"

"ಹೌದು ಸಾರ್. ನಮಗೇನು ಭಾರ ಅಲ್ಲ."

"ನನ್ನ ಮಗಳು ಆ ಠಾಣೇಲಿದ್ದಾಳೆ ಅಂತ ಗೊತ್ತಾಗಿ ಬಂದ್ಯಾ?"

"ಅಯ್ಯೋ, ಯಾರ ಮಗಳು ಸಾರ್?"

"ನನ್ನ ಟೇಬಲ್ಲಿಗೇ ಬಂದು ಲಂಚದ ಮಾತಾಡ್ತೀಯಾ? ನಡಿ ಆಚೆ! ಆರ್ಡರಿಗಿಂತ ಒಂದು ಪೀಸ್ ಜಾಸ್ತಿ ಬಂದ್ರೂ ನಿನ್ನ ಕಂಪನಿನ ಕಪ್ಪುಪಟ್ಟಿಗೆ ಹಾಕಿಸ್ತೀನಿ!"

ಇಡೀ ವಿಭಾಗ ತಲೆಯೆತ್ತಿ ನೋಡಿತು. ಏಜೆಂಟು ಬ್ಯಾಗು ಎದೆಗವಚಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಆ ದಿನವೆಲ್ಲ ಷರಾ ಸಾಹೇಬರ ಮುಖದಲ್ಲಿ ಒಂದು ತೇಜಸ್ಸು. ಮನೆಗೆ ಹೋಗಿ ಹೆಂಡತಿಯ ಮುಂದೆ ಎರಡು ಸಲ ಹೇಳಿಕೊಂಡರು. ಒಮ್ಮೆ ಊಟಕ್ಕೆ ಮುಂಚೆ, ಒಮ್ಮೆ ಊಟವಾದ ಮೇಲೆ.

ಬಿಲ್ಲೆ ಬಂದವು. ಎಣಿಸಿ ಹನ್ನೆರಡು. ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದುಕರಿಗೆ ಆಫೀಸಿನಲ್ಲಿ ಬೀಗದಯ್ಯ ಎಂದು ಹೆಸರು, ಸೊಂಟದಲ್ಲಿ ಸದಾ ಬೀಗದ ಕೈ ಗೊಂಚಲು ಜೋತಾಡುತ್ತಿದ್ದರಿಂದ. ಅವರು ಡಬ್ಬಿ ತಂದು ತೋರಿಸಿದರು. ಮೆತ್ತಗಿನ, ಹೊಳೆಯುವ ಹೊಚ್ಚಹೊಸ ಬಿಲ್ಲೆಗಳು.

"ಪ್ರಯೋಗಾಲಯಕ್ಕೆ ಎಲ್ಲಾನೂ ಕಳಿಸ್ಲಾ ಸಾರ್?"

"ನಿಯಮ ಏನನ್ನುತ್ತೆ?"

"ಹನ್ನೆರಡು ಅನ್ನುತ್ತೆ."

"ಮತ್ತೆ ನನ್ನನ್ನ ಕೇಳೋದೇನು?"

ಬೀಗದಯ್ಯ ಡಬ್ಬಿ ಮುಚ್ಚಿಕೊಂಡು ಹೋದರು. ಅವರಿಗೇನು, ಕೇಳಿ ಕೇಳಿ ಸಾಕಾಗಿತ್ತು. ಮೊದಮೊದಲು ಎರಡನೇ ಸಲವೂ ಕೇಳುತ್ತಿದ್ದರಂತೆ, ಆಗ ಅವರಿಗಿನ್ನೂ ಪ್ರಾಯ.

ಪ್ರಯೋಗಾಲಯದ ವರದಿ ಬಂದ ದಿನ ನೋಡಬೇಕಿತ್ತು ಷರಾ ಸಾಹೇಬರನ್ನು. ಎಳೆದರೆ ಹರಿಯಬೇಕಾದದ್ದಕ್ಕಿಂತ ತಡವಾಗಿ ಹರಿಯಿತು, ಕಾಯಿಸಿದರೆ ಕರಗಬೇಕಾದದ್ದಕ್ಕಿಂತ ತಡವಾಗಿ ಕರಗಿತು. ಹನ್ನೆರಡಕ್ಕೆ ಹನ್ನೆರಡೂ ತೇರ್ಗಡೆ. 'ಅತ್ಯುತ್ತಮ ಗುಣಮಟ್ಟ' ಎಂದು ಬೇರೆ ಬರೆದಿದ್ದರು. ಸಾಹೇಬರು ಅಲ್ಲೇ ತೇರ್ಗಡೆ ಪತ್ರಕ್ಕೆ ಸಹಿ ಹಾಕಿ, ಸರಬರಾಜು ಪೂರ್ಣ ಎಂದು ಷರಾ ಎಳೆದು, ಪ್ರತಿಗಳನ್ನು ಎಲ್ಲೆಲ್ಲಿಗೆ ಕಳಿಸಬೇಕೋ ಅಲ್ಲೆಲ್ಲ ಕಳಿಸಿದರು.

"ನಿಮ್ಮ ಬಿಲ್ಲೆ ಪಾಸಾಯ್ತು," ಎಂದು ಮಗಳಿಗೆ ತಾವಾಗಿ ಹೇಳಿದರು, ಆಫೀಸಿನ ವಿಷಯವನ್ನು ಮನೆಯಲ್ಲಿ.

ಮಗಳ ಮುಖ ಅರಳಿತು. "ನಿಜವಾಗ್ಲೂ? ಯಾವಾಗ ಬರುತ್ತೆ?"

"ಇನ್ನೇನು, ಒಂದೆರಡು ದಿನ."

ಅಪ್ಪನ ಕೊರಳಿಗೆ ಕೈ ಹಾಕಿ ಮಗಳು ಕುಣಿದಳು. ಷರಾ ಸಾಹೇಬರಿಗೂ ಒಳಗೊಳಗೇ ಕಣ್ಣು ತುಂಬಿತು. ಪ್ರೀತಿ ಇರಲಿಲ್ಲ ಅಂತ ಮಾತ್ರ ಯಾರೂ ಅನ್ನಬೇಡಿ. ಪ್ರೀತಿ ಬೇಕಾದಷ್ಟಿತ್ತು, ಸರಿಯಾದ ಮಾರ್ಗದಲ್ಲಿ ಬರಬೇಕು ಅಂತ ಕಾಯುತ್ತಿತ್ತು ಅಷ್ಟೇ.

ಹೊಸ ಭಾಗ ತೇರ್ಗಡೆಯಾದ ಮೇಲೆ ಹಳೆಯ ಭಾಗ ಬಳಸುವಂತಿಲ್ಲ ಎಂದು ಇನ್ನೊಂದು ಸುತ್ತೋಲೆ ಇತ್ತು. ಅದನ್ನು ಬರೆದವರು ಯಾರು ಎಂದು ಕೇಳಬೇಡಿ, ನಿಮಗೇ ಗೊತ್ತು. ತೇರ್ಗಡೆ ಪತ್ರದ ಪ್ರತಿ ಕೈಗೆ ಸಿಕ್ಕಿದ ಕೂಡಲೇ ವಿಲೇವಾರಿ ಸಮಿತಿಯವರು ಠಾಣೆಗೆ ಬಂದು, ಸುರುಟಿದ ಹಳೆಯ ಬಿಲ್ಲೆಗಳನ್ನೆಲ್ಲ ಬಿಚ್ಚಿಸಿಕೊಂಡು, ಯಾರೂ ಕದ್ದು ಮಾರಬಾರದು ಅಂತ ಕಣ್ಣೆದುರಿಗೇ ಕತ್ತರಿಸಿ ಹೋದರು. ಬೇರೆ ದಿನಗಳಲ್ಲಿ ಈ ಸಮಿತಿ ಒಂದು ಮುರಿದ ಕುರ್ಚಿ ನೋಡುವುದಕ್ಕೂ ವರ್ಷ ತೆಗೆದುಕೊಳ್ಳುತ್ತಿತ್ತು.

ಮರುದಿನ ಬೀಗದಯ್ಯ ಬಂದು ಷರಾ ಸಾಹೇಬರ ಮೇಜಿನ ಗಾಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರನ್ನು ಸುರಿದರು. ಕರ್ರಗಿನ ಚೂರು, ಎಳೆದು ಹರಿದ ದಾರದಂಥ ಎಳೆಗಳು, ಕರಗಿ ಮುದ್ದೆಯಾದ ಉಂಡೆಗಳು.

"ಇದೇನಿದು?"

"ಬಿಲ್ಲೆ ಸಾರ್."

"ಯಾವ ಬಿಲ್ಲೆ?"

"ತೇರ್ಗಡೆಯಾಗಿದ್ದು. ಠಾಣೆಗೆ ಹೀಗೇ ಕಳಿಸ್ಲಾ, ಇಲ್ಲಾ ಡಬ್ಬಿಗೆ ಹಾಕ್ಲಾ?"

ಷರಾ ಸಾಹೇಬರು ಒಂದು ಚೂರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಫೈಲು ತರಿಸಿ ಮೊದಲ ಪುಟ ನೋಡಿದರು, ಕೊನೆಯ ಪುಟ ನೋಡಿದರು, ಮತ್ತೆ ಮೊದಲ ಪುಟ ನೋಡಿದರು. ಬೀಗದಯ್ಯ ಅಲ್ಲೇ ನಿಂತಿದ್ದರು, ಮುಖದಲ್ಲಿ ನಗುವೂ ಇಲ್ಲ, ಮರುಕವೂ ಇಲ್ಲ.

"ಸದ್ಯಕ್ಕೆ ಒಳಗಿಡಿ," ಅಂದರು ಸಾಹೇಬರು.

ದಾರಿ ಒಂದೇ ಇತ್ತು, ಅದೂ ನೆಟ್ಟಗಿತ್ತು. ಷರತ್ತು ಹಾಕುವಾಗ ನಾನು ತಪ್ಪಿದೆ, ಬಿಲ್ಲೆಗಳೆಲ್ಲ ಪರೀಕ್ಷೆಯಲ್ಲೇ ನಾಶವಾಗಿವೆ, ತೇರ್ಗಡೆ ಪತ್ರ ರದ್ದು ಮಾಡಿ ಮತ್ತೆ ಕೊಳ್ಳಬೇಕು ಎಂದು ನಾಲ್ಕು ಸಾಲು ಬರೆಯುವುದು. ಷರಾ ಸಾಹೇಬರು ಕಾಗದ ತೆಗೆದರು, ಪೆನ್ನು ಬಿಚ್ಚಿದರು. 'ನಾನು' ಎಂದು ಬರೆದರು. ಮುಂದಿನ ಪದ ಬರಲಿಲ್ಲ. ಇಷ್ಟು ವರ್ಷ ಬೇರೆಯವರ ತಪ್ಪನ್ನು ನೀರು ಕುಡಿದಷ್ಟು ಸಲೀಸಾಗಿ ಬರೆದ ಕೈ ಅದು. ಬೇಸಿಗೆ ಹತ್ತಿರದಲ್ಲಿತ್ತು. ಈಗ ಆಕ್ಷೇಪಣೆ ಬಂದರೆ ನಿವೃತ್ತಿಯ ದಿನ ಹಾರ ಹಾಕುವ ಬದಲು ನೋಟಿಸ್ ಕೊಟ್ಟು ಕಳಿಸುತ್ತಾರೆ. ಪಿಂಚಣಿ ತಡೆ ಹಿಡಿಯುತ್ತಾರೆ. ಇಷ್ಟು ದಿನ ತಮ್ಮ ಷರಾಗಳಿಂದ ಉರಿದುಕೊಂಡವರೆಲ್ಲ ಸಾಲಾಗಿ ನಿಂತು ನಗುತ್ತಾರೆ. ಅವರು ಆ ಕಾಗದ ಹರಿದು ಬುಟ್ಟಿಗೆ ಹಾಕಿ, ಬೇರೆ ಕಾಗದದ ಮೇಲೆ ಪ್ರಯೋಗಾಲಯಕ್ಕೆ ಬರೆದರು. 'ಪರೀಕ್ಷೆಗೊಳಪಟ್ಟ ಮಾದರಿಗಳನ್ನು ಮರಳಿ ಬಳಕೆಗೆ ತರಲು ಸಾಧ್ಯವೇ ಎಂಬ ಬಗ್ಗೆ ಸ್ಪಷ್ಟೀಕರಣ ನೀಡುವುದು.'

ಕರಗಿದ ಉಂಡೆಯನ್ನು ಮರಳಿ ಬಿಲ್ಲೆ ಮಾಡಬಹುದೇ ಎಂಬ ಪ್ರಶ್ನೆ. ಪ್ರಯೋಗಾಲಯದವರೂ ಕಡಿಮೆಯವರಲ್ಲ, ಈ ವಿಷಯ ತಜ್ಞರ ಸಭೆಯ ಮುಂದಿದೆ ಎಂದು ಉತ್ತರಿಸಿದರು.

ಇತ್ತ ಠಾಣೆಯವರು ಮತ್ತೊಂದು ಬೇಡಿಕೆ ಪತ್ರ ಕಳಿಸಿದರೆ, ದಾಸ್ತಾನು ವಿಭಾಗದವರು ಬಾಗಿಲಲ್ಲೇ ವಾಪಸ್ ಅಟ್ಟಿದರು. ಹನ್ನೆರಡು ಬಂದಿವೆ, ಹನ್ನೆರಡೂ ತೇರ್ಗಡೆಯಾಗಿವೆ, ಸರಬರಾಜು ಪೂರ್ಣ ಎಂದು ಖುದ್ದು ಷರಾ ಸಾಹೇಬರೇ ಬರೆದಿದ್ದಾರೆ. ಇನ್ನೆಷ್ಟು ಬೇಕು ನಿಮಗೆ?

ಮನೆಯಲ್ಲಿ ಮಗಳು ಮಾತು ಕಡಿಮೆ ಮಾಡಿದಳು. ಒಂದು ಸಂಜೆ ಷರಾ ಸಾಹೇಬರು ಬಂದಾಗ ಹೊಲಿಗೆ ಕೋಣೆಯಲ್ಲಿ ತಾಯಿ ಮಗಳು ಇಬ್ಬರೂ ನೆಲದ ಮೇಲೆ ಕೂತಿದ್ದರು. ಮನೆಯಲ್ಲಿ ಸೊಂಟ ನೋವಿಗೆ ಬಳಸುತ್ತಿದ್ದ ಬಿಸಿನೀರಿನ ರಬ್ಬರ್ ಚೀಲ ಅವರ ಮುಂದೆ ತುಂಡುತುಂಡಾಗಿ ಬಿದ್ದಿತ್ತು. ತಾಯಿ ದೊಡ್ಡ ಕತ್ತರಿಯಲ್ಲಿ ಗುಂಡಗೆ ಕತ್ತರಿಸುತ್ತಿದ್ದರು.

"ಏನು ಮಾಡ್ತಿದ್ದೀರಿ?"

"ಕಾಣ್ಸಲ್ವಾ? ಬಿಲ್ಲೆ," ಅಂದರು ಹೆಂಡತಿ. "ಹಳೇದನ್ನ ನಿಮ್ಮೋರು ಕಿತ್ಕೊಂಡು ಹೋದ್ರು. ಹೊಸದು ಬರ್ಲಿಲ್ಲ. ಮಾಸ್ಕಲ್ಲಿ ಬರೀ ತೂತಿದೆಯಂತೆ."

"ಇದು ಆಗಲ್ಲ! ಪರೀಕ್ಷೆ ಆಗದ ಭಾಗ ಹಾಕೋದು ಅಪರಾಧ!"

ಮಗಳು ತಲೆಯೆತ್ತಿದಳು. "ಆಗಲ್ಲ ಅಂತ ನಂಗೂ ಗೊತ್ತು ಅಪ್ಪಾ. ದಪ್ಪ ಇದೆ, ಮುಚ್ಚೋದೇ ಇಲ್ಲ. ಹಳೇದಕ್ಕಿಂತ ಕಡೆ. ಏನೂ ಇಲ್ಲದೇ ಇರೋದಕ್ಕಿಂತ ಪರವಾಗಿಲ್ಲ, ಅಷ್ಟೇ." ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟು ಕೇಳಿದಳು. "ಬಿಲ್ಲೆ ಎಲ್ಲಿ ಹೋಯ್ತು ಅಪ್ಪಾ?"

ಷರಾ ಸಾಹೇಬರು ಹೇಳಿದರು. ಹೇಳದೆ ವಿಧಿಯಿರಲಿಲ್ಲ. ಮಗಳು ಕೇಳಿ ಮುಗಿಸಿದಾಗ ನಕ್ಕುಬಿಟ್ಟಳು, ನಗು ನಿಂತ ಮೇಲೆ ಅವಳ ಮುಖ ನೋಡುವುದಕ್ಕೆ ಸಾಹೇಬರಿಗೆ ಧೈರ್ಯವಾಗಲಿಲ್ಲ.

"ಒಂದು ಸಾಲು ಬರೀರಿ," ಅಂದರು ಹೆಂಡತಿ. "ತಪ್ಪಾಯ್ತು ಅಂತ. ಅಷ್ಟೇ ತಾನೇ?"

"ನೀನಂದಷ್ಟು ಸುಲಭ ಅಲ್ಲ. ಸ್ಪಷ್ಟೀಕರಣ ಕೇಳಿದ್ದೀನಿ."

"ಇವಳು ಒಳಗೆ ಹೋಗಿ ಉಸಿರು ಕಟ್ಟಿ ಬಿದ್ರೆ, ಅದಕ್ಕೂ ಸ್ಪಷ್ಟೀಕರಣ ಕೇಳ್ತೀರಾ?" ಹೆಂಡತಿ ಕತ್ತರಿ ಕೆಳಗಿಟ್ಟರು. "ಹೆತ್ತಿದ್ದು ನಾನು. ನಂಗೆ ಭಯ ಆಗ್ತಿದೆ ಕಣ್ರೀ."

ಭಯ ಷರಾ ಸಾಹೇಬರಿಗೂ ಆಗುತ್ತಿತ್ತು. ನಾಳೆ ಬರೆಯುತ್ತೇನೆ ಎಂದು ಪ್ರತಿ ಸಂಜೆ ಮನಸ್ಸು ಗಟ್ಟಿ ಮಾಡಿಕೊಳ್ಳುವರು. ಬೆಳಿಗ್ಗೆ ಆಫೀಸಿನ ಕುರ್ಚಿಯಲ್ಲಿ ಕೂತೊಡನೆ ಆ ಗಟ್ಟಿತನ ಎಲ್ಲಿ ಹೋಗುತ್ತಿತ್ತೋ. ತಜ್ಞರ ಸಭೆ ಒಮ್ಮೆ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಮುಂದಕ್ಕೆ ಹೋಯಿತು. ಊರಿನಲ್ಲಿ ಸದ್ಯ ದೊಡ್ಡ ಬೆಂಕಿ ಬೀಳಲಿಲ್ಲವಲ್ಲ ಎಂದು ಸಾಹೇಬರು ಸಮಾಧಾನಪಟ್ಟುಕೊಂಡರು. ಒಂದು ಪೇಂಟ್ ಅಂಗಡಿ ಸುಟ್ಟಿತ್ತು, ನಿಜ. ಆದರೆ ಆವತ್ತು ಮಗಳಿಗೆ ರಜೆ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಬರುತ್ತಿದ್ದಾಗ ವರಾಂಡದ ಕಿಟಕಿಯ ಹತ್ತಿರ ಎಲ್ಲರೂ ಗುಂಪುಗೂಡಿದ್ದರು. ಹಿಂದಿನ ಬೀದಿಯ ಹಾಸಿಗೆ ಗೋದಾಮಿಗೆ ಬೆಂಕಿ. ಫೋಮ್ ಉರಿಯುವ ದಪ್ಪ ಕಪ್ಪು ಹೊಗೆ ಛಾವಣಿಯ ಸಂದಿಗಳಿಂದ ಏಳುತ್ತಿತ್ತು. ಕೆಳಗೆ ಕೆಂಪು ಗಾಡಿ ಗಂಟೆ ಬಾರಿಸುತ್ತ ತಿರುಗಿತು.

"ಸಾಹೇಬ್ರ ಮಗಳೂ ಇರ್ಬೇಕು ಅದರಲ್ಲಿ," ಅಂದರು ಯಾರೋ ಗುಮಾಸ್ತರು. "ಹೊಸ ಬಿಲ್ಲೆ ಕೊಡಿಸಿದ್ದಾರಲ್ಲ ಸಾಹೇಬ್ರು, ಚಿಂತೆಯಿಲ್ಲ."

ಷರಾ ಸಾಹೇಬರು ಡಬ್ಬಿಯನ್ನು ಅವರ ಕೈಗೆ ತುರುಕಿ ಮೆಟ್ಟಿಲಿಳಿದರು. ಹೊರಹೋಗುವ ಕಾರಣ ಬರೆದಿಡದೆ ಅವರು ಆಫೀಸಿನ ಗೇಟು ದಾಟಿದ್ದು ಅದೇ ಮೊದಲು. ಬೀದಿಯಲ್ಲಿ ಓಡಿದರು. ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತುಕೊಂಡು, ಚಪ್ಪಲಿ ಒಂದು ಕಡೆ ಕಾಲು ಒಂದು ಕಡೆಯಾಗಿ ಓಡಿದರು.

ಗೋದಾಮಿನ ಮುಂದೆ ಗಾಡಿಯ ಪಕ್ಕ ಠಾಣಾಧಿಕಾರಿ ವೈರ್‌ಲೆಸ್ ಹಿಡಿದು ನಿಂತಿದ್ದರು. ಅವರ ಕಾಲಬಳಿಯಿಂದ ದಪ್ಪ ಪೈಪು ನೆಲದ ಮೇಲೆ ಹಾವಿನಂತೆ ಹರಿದು ಹೊಗೆ ಉಗುಳುವ ಬಾಗಿಲೊಳಗೆ ಮಾಯವಾಗಿತ್ತು.

"ಒಳಗೆ ಯಾರಿದ್ದಾರೆ?" ಷರಾ ಸಾಹೇಬರಿಗೆ ಏದುಸಿರು.

"ನಮ್ಮವರು ನಾಲ್ಕು ಜನ. ನಿಮ್ಮ ಮಗಳು ಎಲ್ಲರಿಗಿಂತ ಮುಂದಿದ್ದಾಳೆ, ಪೈಪಿನ ತುದಿ ಅವಳ ಕೈಲಿದೆ."

"ಜನ ಸಿಕ್ಕಿಹಾಕ್ಕೊಂಡಿದ್ದಾರಾ?"

"ಇಲ್ಲ. ಕಾವಲುಗಾರ ಆಗ್ಲೇ ಹೊರಗೆ ಬಂದ. ಇರೋದು ಹಾಸಿಗೆ, ದಿಂಬು."

"ಹಾಸಿಗೆ ದಿಂಬಿಗೆ ನಾಲ್ಕು ಜನರನ್ನ ಒಳಗೆ ಕಳಿಸಿದ್ರಾ? ಆ ಮಾಸ್ಕ್ ಹಾಕ್ಸಿ?"

ಠಾಣಾಧಿಕಾರಿ ನಿಧಾನಕ್ಕೆ ಇವರ ಕಡೆ ತಿರುಗಿದರು. "ಯಾವ ಮಾಸ್ಕ್ ಸಾರ್? ಹೊಸ ಬಿಲ್ಲೆ ಹಾಕಿರೋ ಮಾಸ್ಕಾ? ಪೇಂಟ್ ಅಂಗಡಿಗೆ ಬೆಂಕಿ ಬಿದ್ದಾಗ ನಾನು ಒಬ್ಬರನ್ನೂ ಒಳಗೆ ಬಿಡ್ಲಿಲ್ಲ. ಹೊರಗಿಂದಾನೇ ನೀರು ಹೊಡೆಸಿದೆ. ಅಂಗಡಿ ಹೋಯ್ತು. ನಂಗೆ ನೋಟಿಸ್ ಬಂತು. ತೇರ್ಗಡೆಯಾದ ಬಿಲ್ಲೆ ಇದ್ರೂ ಒಳಗೆ ಹೋಗದೇ ಇದ್ದದ್ದು ಕರ್ತವ್ಯಲೋಪ ಅಂತ. ಇನ್ನೊಂದು ಸಲ ಹಾಗಾದ್ರೆ ಮನೆಗೆ ಕಳಿಸ್ತಾರಂತೆ. ಬಿಲ್ಲೆ ಇಲ್ಲ ಸ್ವಾಮಿ ಅಂದ್ರೆ ನಿಮ್ಮ ಪತ್ರದ ಪ್ರತಿ ಮುಖಕ್ಕೆ ಹಿಡಿದ್ರು. ಸಹಿ ಬಹಳ ಚೆನ್ನಾಗಿದೆ ಸಾರ್ ನಿಮ್ಮದು."

"ವಾಪಸ್ ಕರೀರಿ ಅವರನ್ನ!"

"ಯಾವ ಆಧಾರದ ಮೇಲೆ?"

"ನಾನು ಹೇಳ್ತಿದ್ದೀನಲ್ಲ ರೀ!"

"ಬರೆದು ಕೊಡಿ."

ಷರಾ ಸಾಹೇಬರು ತಮ್ಮ ಜೀವಮಾನದಲ್ಲಿ ಈ ಎರಡು ಪದಗಳನ್ನು ಎಷ್ಟು ಜನಕ್ಕೆ ಹೇಳಿದ್ದರೋ ಲೆಕ್ಕವಿಲ್ಲ. ಕೇಳಿಸಿಕೊಂಡದ್ದು ಇದೇ ಮೊದಲು. ಜೇಬಿನಿಂದ ಪೆನ್ನು ತೆಗೆದರು. ಠಾಣಾಧಿಕಾರಿ ಕೊಟ್ಟ ಕಾಗದವನ್ನು ಗಾಡಿಯ ಬಾಗಿಲಿಗೆ ಒತ್ತಿ ಹಿಡಿದು ಬರೆದರು. ಅಭ್ಯಾಸ ಬಿಡುತ್ತದೆಯೇ? 'ಸದರಿ ಮಾಸ್ಕುಗಳು ಬಳಕೆಗೆ ಯೋಗ್ಯವಾಗಿಲ್ಲದೇ ಇರಬಹುದೆಂದು ಮೇಲ್ನೋಟಕ್ಕೆ ಕಂಡುಬರುತ್ತದೆ' ಎಂದೇ ಬಂತು.

ಠಾಣಾಧಿಕಾರಿ ಓದಿ ಕಾಗದ ವಾಪಸ್ ಕೊಟ್ಟರು. "ಇರಬಹುದು ಅಂದ್ರೆ ನಾನು ಅವರನ್ನ ಹೊರಗೆ ಕರೆಯೋಕಾಗಲ್ಲ ಸಾರ್. ಇದನ್ನ ಹಿಡ್ಕೊಂಡು ನಿಮ್ಮಂಥವರ ಮುಂದೆ ನಾನು ನಿಲ್ಬೇಕು."

ಆಗ ಹೊಗೆಯೊಳಗಿನಿಂದ ಸೀಟಿ ಕೇಳಿಸಿತು. ಸಣ್ಣಗೆ, ಒಂದೇ ಸಮನೆ. ಅದರ ಬೆನ್ನಿಗೇ ಇನ್ನೊಂದು. ಯಾರ ಬೆನ್ನಿನ ಸಿಲಿಂಡರಿನದೋ ಗೊತ್ತಾಗುವಂತಿರಲಿಲ್ಲ. ಷರಾ ಸಾಹೇಬರು ಕಾಗದವನ್ನು ಮತ್ತೆ ಗಾಡಿಯ ಬಾಗಿಲಿಗೆ ಒತ್ತಿದರು. ಬರೆದದ್ದರ ಮೇಲೆ ಅಡ್ಡಗೀಟು ಹೊಡೆದು, ಕೆಳಗೆ ದೊಡ್ಡ ಅಕ್ಷರದಲ್ಲಿ ಗೀಚಿದರು. 'ಮಾಸ್ಕುಗಳಲ್ಲಿ ಬಿಲ್ಲೆ ಇಲ್ಲ. ನನ್ನ ತೇರ್ಗಡೆ ಪತ್ರ ಸುಳ್ಳು. ತಪ್ಪು ನನ್ನದು.' ಸಹಿ ಹಾಕಿದರು. ಅಕ್ಷರ ಕಾಗೆ ಕಾಲಿನಂತಿತ್ತು.

"ಮೊಹರು ಆಫೀಸಿನಲ್ಲಿದೆ," ಅಂದರು, ಬಾಯಿ ತಪ್ಪಿ.

"ಮೊಹರು ಬೇಡ ಬಿಡಿ," ಎಂದು ಠಾಣಾಧಿಕಾರಿ ಆಗಲೇ ಚಾಲಕನಿಗೆ ಕೈ ಬೀಸಿದ್ದರು. ಗಾಡಿಯ ಹಾರ್ನ್ ಬಿಟ್ಟು ಬಿಟ್ಟು ಕೂಗಿತು, ಎಲ್ಲ ಬಿಟ್ಟು ಹೊರಗೆ ಬನ್ನಿ ಎಂಬ ಸಂಕೇತ.

ಹೊಗೆಯಿಂದ ಒಬ್ಬರು ಬಂದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಮೂರನೆಯವರು, ಮೊಣಕಾಲೂರಿ ಪೈಪು ಹಿಡಿದು ತೆವಳುತ್ತ. ಆಮೇಲೆ ಬಾಗಿಲಲ್ಲಿ ಬರೀ ಹೊಗೆ. ಎಲ್ಲರಿಗಿಂತ ಮುಂದೆ ಹೋದವಳು ಎಲ್ಲರಿಗಿಂತ ಕೊನೆಗೆ ಬರಬೇಕಲ್ಲ. ಷರಾ ಸಾಹೇಬರು ಮಗಳ ಮುದ್ದಿನ ಹೆಸರು ಹಿಡಿದು ಕೂಗಿದರು. ಹೊಗೆಯೊಳಗೆ ನುಗ್ಗಲು ಹೊರಟವರನ್ನು ಠಾಣಾಧಿಕಾರಿ ಸೊಂಟ ಹಿಡಿದು ನಿಲ್ಲಿಸಿದರು. ಅಷ್ಟರಲ್ಲಿ ಪೈಪು ಅಲುಗಿತು, ಅದರ ಮೇಲೊಂದು ಕೈ ಕಾಣಿಸಿತು, ಕೈಯ ಹಿಂದೆ ಅವಳು.

ಹೊರಗೆ ಬಂದವಳೇ ಮಾಸ್ಕ್ ಕಿತ್ತೆಸೆದು ಕೆಮ್ಮಿದಳು, ವಾಂತಿ ಮಾಡಿಕೊಂಡಳು. ಠಾಣಾಧಿಕಾರಿ ಅವಳ ಬೆನ್ನಿನ ಸಿಲಿಂಡರಿನ ಮೀಟರನ್ನು ತಿರುಗಿಸಿ ಷರಾ ಸಾಹೇಬರಿಗೆ ತೋರಿಸಿದರು. ಮುಳ್ಳು ತಳಕ್ಕೆ ಅಂಟಿಕೊಂಡಿತ್ತು.

ಉಳಿದ ಗಾಡಿಗಳು ಬಂದು ಹೊರಗಿನಿಂದ ನೀರು ಹೊಡೆಯತೊಡಗಿದವು. ಗೋದಾಮು ತನ್ನ ಪಾಡಿಗೆ ಉರಿಯುತ್ತಿತ್ತು. ಪಾದಚಾರಿ ದಾರಿಯ ಕಟ್ಟೆಯ ಮೇಲೆ ಮಗಳು ಕೂತಿದ್ದಳು, ಮೂಗಿನ ಸುತ್ತ ಮಸಿ. ಷರಾ ಸಾಹೇಬರು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದರು. ಕಣ್ಣಿನಲ್ಲಿ ನೀರು ಧಾರಾಕಾರ, ಒರೆಸಿಕೊಳ್ಳಬೇಕು ಎಂದೂ ತೋಚಲಿಲ್ಲ.

"ಯಾರು ವಾಪಸ್ ಕರೆಸಿದ್ದು?" ಅವಳ ಗಂಟಲು ಕಟ್ಟಿಹೋಗಿತ್ತು.

"ನಾನು. ಬರೆದು ಕೊಟ್ಟೆ ಮಗಳೇ. ತಪ್ಪು ನಂದೇ ಅಂತಾನೂ ಬರೆದೆ. ಪಿಂಚಣಿ ಹೋದ್ರೆ ಹೋಗ್ಲಿ."

ಅವಳು ಅಪ್ಪನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಇವತ್ತು ರಜೆ ಇದ್ದಿದ್ರೆ ಅಪ್ಪಾ? ಆ ಮೂರು ಜನಾನೇ ಒಳಗಿದ್ದಿದ್ರೆ? ಬಂದು ಬರೆದುಕೊಡ್ತಿದ್ರಾ?"

ಷರಾ ಸಾಹೇಬರಿಗೆ ಹೌದು ಅನ್ನಬೇಕು ಅಂತ ಬಹಳ ಆಸೆಯಾಯಿತು. ಪೇಂಟ್ ಅಂಗಡಿ ಉರಿದ ದಿನ ತಾವು ನೆಮ್ಮದಿಯಾಗಿ ಊಟ ಮಾಡಿದ್ದು ನೆನಪಾಯಿತು.

ಅಷ್ಟರಲ್ಲಿ ಆ ಮೂವರಲ್ಲಿ ಒಬ್ಬ ಎದ್ದು ಬಂದ. ಮೊಣಕಾಲೂರಿ ತೆವಳುತ್ತ ಬಂದವನು, ನಡುವಯಸ್ಸಿನ ಮೀಸೆಯ ಮನುಷ್ಯ. ಷರಾ ಸಾಹೇಬರ ಎರಡೂ ಕೈಗಳನ್ನು ತನ್ನ ಮಸಿ ಮೆತ್ತಿದ ಕೈಗಳಲ್ಲಿ ಹಿಡಿದುಕೊಂಡು ಹಣೆಗೆ ಒತ್ತಿಕೊಂಡ.

"ಠಾಣಾಧಿಕಾರಿಗಳು ಹೇಳಿದ್ರು ಸಾರ್. ನಿಮ್ಮಿಂದ ಬದುಕಿದ್ವಿ. ನಂಗೆ ಎರಡು ಸಣ್ಣ ಮಕ್ಕಳು. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಸಾರ್. ನಮಗೋಸ್ಕರ ಯಾರು ಬರ್ತಾರೆ ಹೀಗೆ ಓಡಿ?"

ಕೈ ಬಿಡಿಸಿಕೊಳ್ಳಬೇಕು ಅನ್ನಿಸಿತು ಷರಾ ಸಾಹೇಬರಿಗೆ, ಆದರೆ ಅವನು ಗಟ್ಟಿಯಾಗಿ ಹಿಡಿದಿದ್ದ. ಮಗಳು ಬೇರೆ ಕಡೆ ಮುಖ ತಿರುಗಿಸಿದಳು. ಎರಡೇ ಬೀದಿ ಆಚೆಗಿನ ಠಾಣೆಯಲ್ಲಿದ್ದ ಈ ಮನುಷ್ಯನ ಮುಖವನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು, ನಾಚಿಕೆಯಿಂದ ಅವರಿಗೆ ತಲೆಯೆತ್ತಿ ಪೂರ್ತಿ ನೋಡುವುದಕ್ಕೂ ಆಗಲಿಲ್ಲ.